ಮುಚ್ಚಳದೊಳಗಿನ ಹೆಸರು

ಅಂಗಡಿಯ ಮಾಲೀಕ ಮಾಡಿದ್ದು ಶುದ್ಧ ಅನ್ಯಾಯ. ಹಳೆಯ ದುಬಾರಿ ಸ್ಟೀಲ್ ವಾಚನ್ನು ಮಾರಾಟಕ್ಕಿಡುವ ಮುನ್ನ, ರಿಪೇರಿಗಾರ ದಸ್ತಗೀರಸಾಬರು ಪ್ರತಿ ದುರಸ್ತಿಯ ನಂತರ ಅದರ ಹಿಂಬದಿ ಮುಚ್ಚಳದೊಳಗೆ ಸೂಜಿಯಿಂದ ಗೀರಿದ್ದ ತಮ್ಮ ಹೆಸರನ್ನು ಉಜ್ಜಿ ಅಳಿಸಿದ. ಅವರ ದುಡಿಮೆಗೆ ಇದ್ದ ಸಾಕ್ಷಿ ಅದೊಂದೇ.

"ನನ್ನದು ನೂರು ವರ್ಷದ ಮನೆತನ. ಹೊರಗಿನವರ ಕೈ ನನ್ನನ್ನು ಮುಟ್ಟಿಲ್ಲ," ಎಂದು ವಾಚು ಗಿರಾಕಿಯ ಮುಂದೆ ಬೀಗಿತು.

ಮೇಜಿನ ಮೇಲಿದ್ದ ಸಾಬರ ಚಿಮಟಕ್ಕೆ ಮೈಯೆಲ್ಲ ಉರಿಯಿತು. "ಥೂ, ನಾಚಿಕೆಗೆಟ್ಟವನೇ! ನಿನ್ನ ಸ್ಪ್ರಿಂಗ್ ಮುರಿದಾಗ ಯಾವ ಮನೆತನ ಬಂದಿತ್ತು?"

ಅಷ್ಟರಲ್ಲಿ ಗಿರಾಕಿಯ ಕೈಯಲ್ಲೇ ವಾಚು ನಿಂತುಹೋಯಿತು. "ಅಣ್ಣಾ, ಬೇಗ ಸಾಬರನ್ನು ಕರೆಯೋ!" ಎಂದು ಅದು ಚಿಮಟವನ್ನು ಬೇಡಿಕೊಂಡಿತು.

"ಯಾವ ಸಾಬರು? ನಿನ್ನನ್ನು ಹೊರಗಿನವರು ಮುಟ್ಟಿಯೇ ಇಲ್ಲವಲ್ಲ!"

ಹಳೆಯ ವಾಚು ಕೊಳ್ಳುವವರೇ, ಮುಚ್ಚಳ ತೆಗೆಸಿ ನೋಡಿ. ಹೆಸರು ಅಳಿಸಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲಿ.