ಓಡಾಟ ಕಮ್ಮಿ ಮಾಡುವ ಉಪಾಯ

ಮದ್ದೂರಿನ ಒಂದು ಗಾರ್ಮೆಂಟ್ಸಿನಲ್ಲಿ ಪುಟ್ಟಲಿಂಗಮ್ಮ ಕಾಲರ್ ಹೊಲಿಯುತ್ತಿದ್ದಳು. ಅಲ್ಲಿ ಹೆಂಗಸರ ಶೌಚಾಲಯ ಕಾಂಪೌಂಡಿನ ಆಚೆ ತುದಿಯಲ್ಲಿತ್ತು. ಒಂದು ದಿನ ಹೊಸ ಮ್ಯಾನೇಜರು ಮಾಲೀಕರ ಎದುರಿಗೇ ಎಲ್ಲರನ್ನೂ ಸೇರಿಸಿ ಹೇಳಿದರು: "ಓಡಾಟದಲ್ಲಿ ಟೈಮ್ ಹಾಳಾಗ್ತಿದೆ. ನಾಳೆಯಿಂದ ಊಟದ ಹೊತ್ತಲ್ಲಿ ಮಾತ್ರ ಹೋಗಿಬನ್ನಿ. ಓಡಾಟ ಕಮ್ಮಿ ಮಾಡೋಕೆ ಬೇರೆ ಉಪಾಯ ಇದ್ರೆ ಹೇಳಿ, ಇವತ್ತೇ ಜಾರಿಗೆ ತರ್ತೀನಿ."

ಹೆಂಗಸರು ಆಗಲೇ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದರು. ಪುಟ್ಟಲಿಂಗಮ್ಮ ಎದ್ದು ನಿಂತಳು.

"ನೀವು ಹೇಳೋದು ಸರಿ ಸಾರ್. ನಿಮ್ಮ ರೂಮಿನ ಶೌಚಾಲಯ ನಮ್ಮ ಮಿಷನ್ ಪಕ್ಕದಲ್ಲೇ ಅದೆ. ಅಲ್ಲಿಗೇ ಹೋದ್ರೆ ಓಡಾಟವೇ ಇರಲ್ಲ."

ಮಾಲೀಕರು ನಕ್ಕು, "ಸರಿಯಾಗಿದೆ, ಹಾಗೇ ಮಾಡಿ" ಅಂದರು.

ಮಾರನೇ ದಿನ ಮ್ಯಾನೇಜರ ರೂಮಿನಲ್ಲಿ ಉದ್ದನೆಯ ಸಾಲು. ಅವರೂ ಬಂದು ಕೊನೆಯಲ್ಲಿ ನಿಂತರು. ಅವರ ಮುಖ ನೋಡಿ, "ನೀವೇ ಮೊದಲು ಹೋಗಿ ಸಾರ್" ಎಂದು ಪುಟ್ಟಲಿಂಗಮ್ಮ ಜಾಗ ಬಿಟ್ಟಳು.

ಆ ವಾರವೇ ಹೊಲಿಗೆ ಹಾಲಿನ ಪಕ್ಕ ಹೆಂಗಸರ ಹೊಸ ಶೌಚಾಲಯಕ್ಕೆ ಮುಂದೆ ನಿಂತು ಪಾಯ ತೋಡಿಸಿದವರು ಮ್ಯಾನೇಜರೇ.