ನಾಲ್ಕು ಹೊಸ್ತಿಲ ಒಡತಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಭಜನೆಯ ಗುರುಪಾದಪ್ಪನವರು. ತಾಳ ಕೆಳಗಿಟ್ಟು, ದೇವರ ದೀಪಕ್ಕೆ ಕೈಮುಗಿದು ಶುರು ಮಾಡುತ್ತಿದ್ದರು. ನಾನೂ ಹಾಗೆಯೇ ಕೈಮುಗಿದು ಹೇಳುತ್ತೇನೆ, ಕೇಳಿ.

ಕೆಂಗಲ್ಲು ಎಂಬ ರಾಜ್ಯವಿತ್ತು. ಅದರ ಪೇಟೆಗೆ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ವ್ಯಾಪಾರಿಗಳು ಬರುತ್ತಿದ್ದರು. ಬಂದವರಿಗೆ ಬಾಡಿಗೆ ಮನೆ ಬೇಕು. ಅಲ್ಲೊಂದು ಕಟ್ಟಳೆಯಿತ್ತು. ಬಾಡಿಗೆ ಮನೆಯ ಹೊಸ್ತಿಲನ್ನು ಹೊತ್ತು ಹುಟ್ಟುವ ಮೊದಲು ಒಡೆಯರೇ ತೊಳೆದು ರಂಗೋಲಿ ಹಾಕಬೇಕು. ಆಳಿನ ಕೈಯಲ್ಲಿ ಹಾಕಿಸುವಂತಿಲ್ಲ. ದಿನವೂ ಬಾಗಿಲಿಗೆ ಹೋದರೆ ತಾನೆ ಗೋಡೆ ಬಿರಿದದ್ದು, ಸೂರು ಸೋರಿದ್ದು ತಿಳಿಯುವುದು? ಒಂದು ದಿನ ತಪ್ಪಿದರೂ ಬಾಡಿಗೆ ಮನೆ ಕೈಬಿಟ್ಟು ಹೋಗುತ್ತಿತ್ತು.

ಆ ಪೇಟೆಯಲ್ಲಿ ಬುಟ್ಟಿ ಹೆಣೆಯುವ ತುಳಜವ್ವ ಇದ್ದಳು. ಗಂಡ ಭರಮಪ್ಪನಿಗೆ ಕಣ್ಣು ಮಂಜಾಗಿ ಬಿದಿರು ಸೀಳಲು ಆಗುತ್ತಿರಲಿಲ್ಲ. ತುಳಜವ್ವ ಹಿತ್ತಲ ಕೋಣೆಯಲ್ಲಿದ್ದ ಬಿದಿರನ್ನು ತೆಗೆದಳು. ನೆಲ ಸಾರಿಸಿದಳು, ಸುಣ್ಣ ಬಳಿದಳು, ಉಪ್ಪಿನವನೊಬ್ಬನಿಗೆ ಬಾಡಿಗೆಗೆ ಕೊಟ್ಟಳು. ಆರಿದ ಒಲೆ ಉರಿಯಿತು.

ಇದು ಸಾಹುಕಾರ ಕರಿಯಣ್ಣನ ಕಿವಿಗೆ ಬಿತ್ತು. ಅವನಿಗೆ ನೂರು ಬಾಡಿಗೆ ಮನೆ. ಹನ್ನೆರಡು ಮನೆಯ ಸಾಲನ್ನು ಕೊಡುತ್ತೇನೆ ಅನ್ನುವನು, ಇರುವ ಮನೆಯನ್ನು ಒತ್ತೆ ಬರೆಸಿಕೊಳ್ಳುವನು. ಆಸೆಬಿದ್ದ ಗಾಣದವನು ಹೊಸ್ತಿಲು ತಪ್ಪಿಸಿದ, ಸಾಲು ಮರಳಿ ಕರಿಯಣ್ಣನ ಕೈಸೇರಿತು, ಒತ್ತೆಯಿಟ್ಟ ಸ್ವಂತ ಮನೆಯೂ ಹೋಯಿತು. ಮಡಿವಾಳನದೂ ಹೋಯಿತು. ಕಮ್ಮಾರನದೂ ಹೋಯಿತು.

ಮೊದಲ ಸಲ ಬಂದು ಅಂದ: "ತುಳಜವ್ವಾ, ಒಂದು ಕೋಣೆಗೆ ಒಡತಿ ಅನ್ನಿಸಿಕೊಳ್ಳೋಕೆ ನಾಚಿಕೆ ಆಗಲ್ವಾ? ಹನ್ನೆರಡು ಹಿಡಿ!"

"ತಡೀರಿ ಸಾಹುಕಾರ್ರೇ, ನನ್ನ ಕೈಯನ್ನ ಕೇಳಿ ಹೇಳ್ತೀನಿ."

ಮೂರು ದಿನ ಕೋಳಿ ಕೂಗಿದಾಗ ಎದ್ದು, ಅಂಗಳದಲ್ಲೇ ಒಂದರ ಪಕ್ಕ ಒಂದು ರಂಗೋಲಿ ಹಾಕಿ ನೋಡಿದಳು. ಮೂರು ದಿನವೂ ನಾಲ್ಕು ಮುಗಿದ ಮೇಲೆ, ಐದನೆಯದಕ್ಕೆ ಕೈಹಾಕುವಾಗ ಹೊತ್ತು ಹುಟ್ಟಿತು. ತನ್ನ ಅಳತೆ ಅವಳಿಗೆ ತಿಳಿಯಿತು.

ಎರಡನೆಯ ಸಲ ಬಂದಾಗ "ನನ್ನ ಕೈಗೆ ನಾಲ್ಕೇ ಸಾಕು" ಅಂದಳು. ಅವನು ಗಂಡನನ್ನು ಕೆಣಕಿದ: "ಏನಯ್ಯಾ ಭರಮಪ್ಪ, ನಿನ್ನ ಹೆಂಡತಿ ಇಷ್ಟು ಪುಕ್ಕಲಿಯಾ?"

"ಕಣ್ಣು ಕಾಣದಿರೋದು ನನಗೆ, ಸಾಹುಕಾರ್ರೇ. ಅವಳಿಗೆ ಚೆನ್ನಾಗಿ ಕಾಣ್ತದೆ."

ಮೂರನೆಯ ಸಲ ಗುಡಿಯ ಮುಂದೆ, ದರ್ಶನಕ್ಕೆ ಬಂದಿದ್ದ ರಾಜನೆದುರಿಗೇ ನಕ್ಕ: "ಮಹಾಸ್ವಾಮಿ, ಇವಳಿಗೆ ನಾಲ್ಕೇ ಸಾಕಂತೆ! ಹನ್ನೆರಡು ಹೊಸ್ತಿಲು ಅಂದರೆ ಮಕ್ಕಳಾಟ."

"ಹಾಗಾದರೆ ನೀವೇ ಆಡಿ ತೋರಿಸಿ," ಅಂದಳು ತುಳಜವ್ವ. "ನಾಳೆ ಹೊತ್ತು ಹುಟ್ಟೋದರೊಳಗೆ ಹನ್ನೆರಡು ಮುಗಿಸಿದರೆ, ನನ್ನ ಮನೆ ಒತ್ತೆಯಿಟ್ಟು ಸಾಲನ್ನೇ ಹಿಡೀತೀನಿ."

ಗಂಡ ಹೆಂಡತಿಗಿದ್ದದ್ದು ಅದೊಂದೇ ಮನೆ. ರಾಜ "ಆಗಲಿ" ಅಂದ.

ಬೆಳಗಿನ ಜಾವ ಪೇಟೆಗೆ ಪೇಟೆಯೇ ಸೇರಿತು. ಕರಿಯಣ್ಣ ಸಾಲಿನ ಮೊದಲ ಹೊಸ್ತಿಲಿಗೆ ನೀರು ಹಾಕಿದ, ತನ್ನ ಪಂಚೆಯನ್ನೇ ತೋಯಿಸಿಕೊಂಡ. ಎರಡನೆಯದಕ್ಕೆ ರಂಗೋಲಿ ಹಾಕಿದ, ಹಿಟ್ಟು ಗುಪ್ಪೆಯಾಗಿ ಬಿತ್ತು. ಮೂರನೆಯದಕ್ಕೆ ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಅಯ್ಯಯ್ಯೋ, ನನ್ನ ಸೊಂಟ!"

ಹೊತ್ತು ಹುಟ್ಟಿತು.

ರಾಜ ಕೇಳಿದ: "ಮೂರಕ್ಕೇ ಸೊಂಟ ಹಿಡಿದವನು ನೂರು ಹೊಸ್ತಿಲನ್ನು ಇಷ್ಟು ದಿನ ಯಾರ ಕೈಯಲ್ಲಿ ಮಾಡಿಸಿದೆಯಯ್ಯಾ?"

ಗುಂಪಿನಲ್ಲಿದ್ದ ಕರಿಯಣ್ಣನ ಆಳುಗಳು ತಮ್ಮ ಕೈ ಮೇಲೆತ್ತಿದರು. ಎಲ್ಲರ ಬೆರಳೂ ರಂಗೋಲಿಯಿಂದ ಬೆಳ್ಳಗಿದ್ದವು.

ಕಟ್ಟಳೆ ಮುರಿದವನಿಗೆ ನೂರು ಮನೆಯೂ ಕೈಬಿಟ್ಟು ಹೋದವು. ಗಾಣದವನು, ಮಡಿವಾಳ, ಕಮ್ಮಾರ ಮರಳಿ ಸಿಕ್ಕ ತಮ್ಮ ತಮ್ಮ ಮನೆಯ ಬಾಗಿಲು ತೆರೆದರು. ರಾಜ ತುಳಜವ್ವನನ್ನು ಕರೆದು, "ತಾಯಿ, ಆ ಸಾಲು ನಿನಗೇ ಇರಲಿ," ಅಂದ.

"ಮೂರು ಕೊಡಿ ಮಹಾಸ್ವಾಮಿ. ಹಿತ್ತಲದೂ ಸೇರಿದರೆ ನಾಲ್ಕು. ಅಷ್ಟನ್ನು ಎಂದೂ ತಪ್ಪಿಸಲ್ಲ."

ತಪ್ಪಿಸಲಿಲ್ಲ. ತಲೆ ಎತ್ತಿ ನಡೆದಳು. ಮಗನ ಮದುವೆಯಾಗಿ ಸೊಸೆ ಬಂದ ವರ್ಷ ಅತ್ತೆ ಸೊಸೆ ಸೇರಿ ಎಂಟು ಮಾಡಿದರು. ಅವರ ಮನೆಯ ಬಾಡಿಗೆದಾರರು, "ನಾವು ತುಳಜವ್ವನ ಹೊಸ್ತಿಲಿನವರು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ.

ನೀತಿ ಇಷ್ಟೇ. ಬಾಡಿಗೆಗೆ ಮನೆ ಕೊಡುವವರು ಒಂದರಿಂದ ಶುರು ಮಾಡಬೇಕು. ತಮ್ಮ ಕೈಗೆ ಎಟುಕುವಷ್ಟನ್ನೇ ಹಿಡಿಯಬೇಕು. ಕೈ ಹೆಚ್ಚಿದಾಗ ಮನೆ ಹೆಚ್ಚಲಿ.

ಗುರುಪಾದಪ್ಪನವರು ನನಗೆ ಕೊಟ್ಟದ್ದನ್ನು ನಿಮಗೆ ಒಪ್ಪಿಸಿದ್ದೇನೆ. ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಹೊಸದಾಗಿ ಬಾಡಿಗೆಗೆ ಮನೆ ಕಟ್ಟುವವರು ಸಿಕ್ಕರೆ ಕೂರಿಸಿಕೊಂಡು ಹೇಳಿ.