ಅಪ್ಪನ ತಾರೀಖು

ಹೊಳೆದಂಡೆಯ ಆ ಆಶ್ರಮದಲ್ಲಿ ವೇದಾಂತ ಹೇಳಿಕೊಡುವವರಿಗೆ ಬರವಿರಲಿಲ್ಲ. ಕಂಪ್ಯೂಟರ್ ಹೇಳಿಕೊಡುವವರು ಮಾತ್ರ ನಂಜುಂಡಾರಾಧ್ಯ ಮೇಷ್ಟ್ರೊಬ್ಬರೇ.

ಅವರ ಶಿಷ್ಯೆ ಸರ್ವಮಂಗಳ ಒಂದು ಶನಿವಾರ ಬೆಳಿಗ್ಗೆ ತನ್ನ ಅಪ್ಪನ ಕಂಪ್ಯೂಟರನ್ನು ಜಮಖಾನದಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಂದಳು. ಅಪ್ಪ ತೀರಿಹೋಗಿ ಎರಡು ವರ್ಷ. ಡಬ್ಬದ ಮೇಲೆ ಅವರೇ ಹಚ್ಚಿದ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿತ್ತು.

“ಸೋಮವಾರದಿಂದ ಆಶ್ರಮದ ಪುಸ್ತಕಗಳ ಪುಟ ಜೋಡಿಸೋ ಕೆಲಸ ಕೊಟ್ಟಿದ್ದಾರೆ ಮೇಷ್ಟ್ರೇ. ನನಗೆ ಬೇರೆ ಗತಿಯಿಲ್ಲ. ಹಳೇ ಸಿಸ್ಟಂನಲ್ಲಿ ಅದು ನಡೆಯಲ್ಲವಂತೆ, ಹೊಸದು ಹಾಕಬೇಕು. ಆದರೆ ಅಪ್ಪಂದು ಹೋಗಬಾರದು.”

“ಯಾಕೆ ಹೋಗುತ್ತೆ? ಒಂದೇ ಡಿಸ್ಕಿನಲ್ಲಿ ಎರಡೂ ಇರಬಹುದು. ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿದ ಹಾಗೆ. ಮೊದಲು ಎಲ್ಲದರ ನಕಲು ತೆಗೆದಿಡು, ಆಮೇಲೆ ಗೋಡೆ.”

ಸ್ವಿಚ್ ಹಾಕಿದರು. ಅದೇ ಹಳೇ ರಾಗ, ಅದೇ ಹಸಿರು ಗುಡ್ಡದ ಚಿತ್ರ. ಅಪ್ಪ ಇಡೀ ಬೀದಿಗೆ ಟೈಪು ಮಾಡಿಕೊಟ್ಟ ಲಗ್ನಪತ್ರಿಕೆಗಳೆಲ್ಲ ಸಾಲಾಗಿ ಕೂತಿದ್ದವು. ಆ ರಾಗ ಕೇಳಿಯೇ ತಾನು ಅಪ್ಪನಿಗೆ ಕಾಫಿ ಸೋಸುತ್ತಿದ್ದದ್ದು ಸರ್ವಮಂಗಳಳಿಗೆ ನೆನಪಾಯಿತು.

ಮೇಷ್ಟ್ರು ಮೂಲೆಯಲ್ಲಿದ್ದ ತಾರೀಖು ನೋಡಿದರು. ಜನವರಿ ಒಂದು, ಎರಡು ಸಾವಿರದ ಮೂರು.

“ತಾರೀಖು ನೆನಪಿಡೋ ಒಳಗಿನ ಸೆಲ್ಲು ಸತ್ತಿದೆ. ಕರೆಂಟು ತೆಗೆದಾಗಲೆಲ್ಲ ಇದು ಮತ್ತೆ ಅದೇ ದಿನಕ್ಕೆ ಓಡುತ್ತೆ. ತಗೋ, ಹೊಸ ಸೆಲ್ಲು. ನೀನೇ ಹಾಕಿ, ತಾರೀಖು ಸರಿಮಾಡಿ, ಇನ್‌ಸ್ಟಾಲ್ ಶುರುಮಾಡು.”

ಅವರು ಊಟಕ್ಕೆ ಹೋದರು. ಸರ್ವಮಂಗಳ ಸತ್ತ ಸೆಲ್ಲನ್ನು ಕಿತ್ತಳು. ಹೊಸದನ್ನು ಹಾಕಬೇಕಲ್ಲ, ಪರ್ಸಿಗೆ ಹಾಕಿಕೊಂಡಳು ಪುಣ್ಯಾತ್ಗಿತ್ತಿ.

ನಕಲಾಯಿತು, ಗೋಡೆ ಎದ್ದಿತು. ಹೊಸ ಸಿಸ್ಟಂ ಮಾತ್ರ ಅರ್ಧಕ್ಕೆ ಬಂದು ನಿಂತಿತು. ಇಂಟರ್ನೆಟ್ಟಿನಿಂದ ತರಬೇಕಾದ್ದನ್ನು ತರಲೊಲ್ಲದು. ಮತ್ತೆ ಮಾಡಿದಳು, ಮತ್ತೆ ನಿಂತಿತು. ಭಾನುವಾರ ಸಂಜೆಯ ಹೊತ್ತಿಗೆ ಮೂರು ಸಲವಾಯಿತು.

“ಸೆಲ್ಲು ಹಾಕಿದೆಯಾ?” ಮೇಷ್ಟ್ರು ಕೇಳಿದರು.

“ಹಾಕಿದೆ ಮೇಷ್ಟ್ರೇ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಪರ್ಸಿನ ಮೇಲೆ ಹೋಯಿತು.

ಮೇಷ್ಟ್ರು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಆ ಜನವರಿ ಒಂದನೇ ತಾರೀಖು ಏನಾಗಿತ್ತಮ್ಮಾ?”

“ಏನೂ ಆಗಿರಲಿಲ್ಲ.” ಅವಳು ಪರ್ಸಿನ ಮೇಲಿನ ಕೈ ತೆಗೆಯಲಿಲ್ಲ. “ಅಪ್ಪ ಇದ್ದರು, ಅಷ್ಟೇ. ಎಷ್ಟು ಸಲ ಸ್ವಿಚ್ ಹಾಕಿದರೂ ಇದರಲ್ಲಿ ಅಪ್ಪ ಇರೋ ದಿನವೇ ಬರುತ್ತೆ ಮೇಷ್ಟ್ರೇ. ಅದನ್ನ ನನ್ನ ಕೈಯಾರೆ ಹೇಗೆ ಅಳಿಸಲಿ?”

“ಹಾಗಾದರೆ ನಾಳೆಯ ಕೆಲಸ? ತಾರೀಖು ತಪ್ಪಿದ್ದರೆ ಇಂಟರ್ನೆಟ್ಟು ನಂಬಲ್ಲ, ಏನೂ ಕೊಡಲ್ಲ.”

“ಹೊಸದಕ್ಕೆ ಇವತ್ತಿನ ತಾರೀಖು ಕೊಡಿ. ಅಪ್ಪಂದಕ್ಕೆ ಅದೇ ಇರಲಿ. ಗೋಡೆ ಎಬ್ಬಿಸಿದ್ದೀವಲ್ಲ?”

ಮೇಷ್ಟ್ರು ಕಂಪ್ಯೂಟರ್ ಆರಿಸಿ, ವೈರು ಕಿತ್ತು, ಮುಚ್ಚಳ ತೆಗೆದ ಡಬ್ಬವನ್ನು ಅವಳ ಕಡೆ ತಿರುಗಿಸಿದರು. ಸೆಲ್ಲಿನ ಜಾಗ ಖಾಲಿಯಾಗಿ ಕಾಣುತ್ತಿತ್ತು.

“ಸೆಲ್ಲಿಗೆ ಎಷ್ಟು ಜಾಗ ಮಾಡಿದ್ದಾರೆ, ಎಣಿಸು.”

“ಒಂದೇ.”

“ಎಣಿಸಿದೆಯಲ್ಲ. ಮನೆ ಎರಡು ಮಾಡಬಹುದು ತಾಯೀ. ಗಡಿಯಾರ ಒಂದೇ.”

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಕೊನೆಗೆ ಸರ್ವಮಂಗಳ ಪರ್ಸು ತೆರೆದು, ಸೆಲ್ಲನ್ನು ಸೆರಗಿನಲ್ಲಿ ಒರೆಸಿ, ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಕೂತಿತು. ವೈರು ಸಿಕ್ಕಿಸಿ, ಸ್ವಿಚ್ ಹಾಕಿ, ಅಳುತ್ತಲೇ ಇವತ್ತಿನ ತಾರೀಖು ತುಂಬಿದಳು.

ಈ ಸಲ ಹೊಸ ಸಿಸ್ಟಂ ಎಲ್ಲೂ ನಿಲ್ಲಲಿಲ್ಲ. ಮುಗಿದು ಮತ್ತೆ ಶುರುವಾದಾಗ ತೆರೆಯ ಮೇಲೆ ಎರಡು ಹೆಸರು ಬಂದವು. ಯಾವುದು ಬೇಕು ಅಂತ ಕೇಳಿತು.

ಅವಳು ಅಪ್ಪನದನ್ನೇ ಒತ್ತಿದಳು.

ರಾಗ ಬಂತು. ಗುಡ್ಡ ಬಂತು. ಲಗ್ನಪತ್ರಿಕೆ ಒಂದೂ ಕಳೆದಿರಲಿಲ್ಲ. ಅವಳ ಕಣ್ಣು ಮೂಲೆಗೆ ಹೋಗಿ ಅಲ್ಲೇ ನಿಂತಿತು.

“ಅಪ್ಪಂದೆಲ್ಲ ಹಾಗೇ ಇದೆ ಮೇಷ್ಟ್ರೇ. ತಾರೀಖು ಮಾತ್ರ ಇವತ್ತಿಂದು.”

ಮೇಷ್ಟ್ರು ಮುಚ್ಚಳ ಹಾಕಿ, ಕುಂಕುಮ ಅಳಿಸದ ಹಾಗೆ ಮೆಲ್ಲಗೆ ಸ್ಕ್ರೂ ಬಿಗಿಮಾಡಿದರು.

“ಒಳ್ಳೇದೇ ಆಯಿತಲ್ಲಮ್ಮಾ. ಅಪ್ಪನೂ ಇವತ್ತಿಗೆ ಬಂದರು.”